ಅರೇಹಳ್ಳಿಯ ಬೀಗರ ಮನೆ ಎದುರು ಚನ್ನಪ್ಪ ಕಾಸಿದ ಕಾಫಿ

ಚನ್ನಪ್ಪ ತೀರಿಕೊಂಡ ಮೇಲೆ ಅವನನ್ನು ಹೊಗಳುವವರು ಹೆಚ್ಚಾಗಿದ್ದಾರೆ. ಬದುಕಿದ್ದಾಗ ಅವನನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಿದ್ದವರು ಈಗ ಅರಸೀಕೆರೆ ಸಂತೆಯಲ್ಲಿ ನನ್ನ ಕೈ ಹಿಡಿದು, "ಎಂಥ ಒಳ್ಳೆ ಮನುಷ್ಯ ಕಣ್ರೀ ಮೇಷ್ಟ್ರೇ" ಎನ್ನುತ್ತಾರೆ. ನನಗೆ ರೇಗುತ್ತದೆ. ಅವನು ಒಳ್ಳೆ ಮನುಷ್ಯ ಎನ್ನಿಸಿಕೊಳ್ಳಲು ಒಂದು ದಿನವೂ ಕಷ್ಟಪಟ್ಟವನಲ್ಲ. ಜಗಳಗಂಟ. ಕೆಟ್ಟ ಬಾಯಿ. ಬೇರೆಯವರ ಮನೆಯಲ್ಲಿ ಕೊಟ್ಟ ಕಾಫಿಯನ್ನು ಮೂಸಿ ನೋಡಿ ಕೆಳಗಿಡುತ್ತಿದ್ದ. ಆ ಮನುಷ್ಯನೇ ನನ್ನ ಸ್ನೇಹಿತನಾಗಿದ್ದದ್ದು. ಅವನನ್ನು ತೊಳೆದು ಬೆಳ್ಳಗೆ ಮಾಡಿ ನನಗೆ ವಾಪಸು ಕೊಡುವ ಕೆಲಸ ಯಾರೂ ಮಾಡಬೇಕಾಗಿಲ್ಲ.

ಅವನು ಅರಸೀಕೆರೆ ತಾಲ್ಲೂಕಿನಲ್ಲಿ ಸರ್ವೆಯರ್ ಆಗಿದ್ದ. ಸರ್ವೆ ಎಂದರೆ ಜಮೀನು ಅಳೆಯುವ ಕೆಲಸ ಎಂದು ಹೊರಗಿನವರು ತಿಳಿದಿರುತ್ತಾರೆ. ಅದು ಜಗಳದ ನಡುವೆ ಹೋಗಿ ನಿಲ್ಲುವ ಕೆಲಸ. ಜಗಳವಿಲ್ಲದ ಹೊಲವನ್ನು ಯಾರೂ ಅಳೆಸುವುದಿಲ್ಲ. ಒಬ್ಬ ಈ ಬದುವಿನ ಮೇಲೆ ನಿಂತಿರುತ್ತಾನೆ, ಇನ್ನೊಬ್ಬ ಆ ಬದುವಿನ ಮೇಲೆ. ಇಬ್ಬರ ಮನೆಯಿಂದಲೂ ಕಾಫಿ ಬರುತ್ತದೆ. ಯಾರ ಮನೆಯ ಲೋಟಕ್ಕೆ ಕೈ ಚಾಚಿದರೂ ಇನ್ನೊಬ್ಬನ ಕಣ್ಣಿಗೆ ಗಡಿಕಲ್ಲು ತನ್ನ ಕಡೆಗೇ ಸರಿದಂತೆ. ಆಮೇಲೆ ಎಷ್ಟು ಸರಿಯಾಗಿ ಅಳೆದರೂ "ಅವರ ಮನೆ ಕಾಫಿ ಕುಡುದು ಅಳೆದ" ಎಂಬ ಮಾತು ಊರಲ್ಲಿ ಉಳಿಯುತ್ತದೆ. ಬೇರೆ ಸರ್ವೆಯರುಗಳು ಎರಡೂ ಮನೆಯದನ್ನು ಕುಡಿದು ಸಮ ಮಾಡುತ್ತಿದ್ದರು. ಚನ್ನಪ್ಪ ಎರಡನ್ನೂ ಮುಟ್ಟುತ್ತಿರಲಿಲ್ಲ. ಆದರೆ ಕಾಫಿ ಇಲ್ಲದೆ ಅವನ ಕೈಕಾಲು ಆಡುತ್ತಿರಲಿಲ್ಲ. ಹಾಗಾಗಿ ಹೋದ ಊರಿನ ಬದುವಿನ ಮೇಲೆಯೇ ಒಲೆ ಹೂಡುತ್ತಿದ್ದ.

ಅಳತೆ ಸರಪಳಿಯ ಚೀಲದ ಜೊತೆ ಇನ್ನೊಂದು ಖಾಕಿ ಚೀಲ ಅವನ ಹೆಗಲಿಗೆ ಇದ್ದೇ ಇರುತ್ತಿತ್ತು. ಎರಡು ಚೊಂಬು, ಒಂದು ತಟ್ಟೆ, ಸ್ಟೀಲ್ ಲೋಟಗಳು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಪುಡಿ, ಒಂದಿಷ್ಟು ಬೆಲ್ಲ, ಸೋಪು ಕಾಣದ ಹಳೆ ಪಂಚೆಯ ತುಂಡು, ಒಣಗಿದ ತೆಂಗಿನ ಚಿಪ್ಪಿನ ಚೂರುಗಳು. ಫಿಲ್ಟರ್ ಇಲ್ಲ. "ಬಸ್ಸಿನ ಕುಲುಕಾಟಕ್ಕೆ ಅದು ಸೊಟ್ಟಗಾಗ್ತದೆ. ಹೊಲದ ಧೂಳು ಅದರ ತೂತಿಗೆ ಕೂತ್ಕಂತದೆ. ತೊಟ್ಟು ತೊಟ್ಟು ಇಳಿಯೋ ಹೊತ್ತಿಗೆ ಬದುವಿನ ಮೇಲೆ ಕೊಲೆ ಆಗಿರ್ತದೆ" ಎನ್ನುತ್ತಿದ್ದ.

ಅವನು ಮಾಡುತ್ತಿದ್ದ ರೀತಿ ಹೀಗೆ. ಮೂರು ಕಲ್ಲು, ಚಿಪ್ಪಿನ ಬೆಂಕಿ. ನೀರು ಕುದಿ ಬಂದ ಮೇಲೆ ಚೊಂಬನ್ನು ಇಳಿಸಿ, ಕುದಿ ಅಡಗುವವರೆಗೆ ಸುಮ್ಮನೆ ಕೂರುತ್ತಿದ್ದ. ಆಮೇಲೆ ಪುಡಿ. ಒಂದು ಸುತ್ತು ಕಲಕಿ ತಟ್ಟೆ ಮುಚ್ಚುವುದು. ಪುಡಿ ಉಬ್ಬಿ ಮೇಲೆ ಬಂದಿರುವಾಗ ಬೆರಳಲ್ಲಿ ತಣ್ಣೀರು ಅದ್ದಿ ಚಿಮುಕಿಸಿದರೆ ಚರಟ ಮೆಲ್ಲಗೆ ತಳಕ್ಕೆ ಇಳಿಯುತ್ತದೆ. ಇಳಿದ ಮೇಲೆ ಇನ್ನೊಂದು ಚೊಂಬಿನ ಬಾಯಿಗೆ ಬಟ್ಟೆ ಕಟ್ಟಿ, ಓರೆ ಮಾಡಿ ಸುರಿಯುವುದು. ಯಾರಾದರೂ ಸಹಾಯಕ್ಕೆಂದು ಬಂದು ಬಟ್ಟೆ ಹಿಂಡಲು ಹೋದರೆ ಕೈಗೆ ಹೊಡೆಯುತ್ತಿದ್ದ. ಹಿಂಡಿದರೆ ಕಹಿಯೆಲ್ಲ ಕೆಳಗಿಳಿಯುತ್ತದೆ ಎಂದು ಅವನ ವಾದ. ಹಾಲು ಮಾತ್ರ ಊರಿನಲ್ಲೇ ಕೊಳ್ಳುತ್ತಿದ್ದ. ಅದೂ ಮೂರನೆಯ ಮನೆಯಿಂದ, ವ್ಯಾಜ್ಯದ ಎರಡೂ ಕಡೆಯವರಿಗೆ ನೆಂಟಸ್ತನವಿಲ್ಲದ ಮನೆಯಿಂದ. ಯಾರ ಹಸು ಎಂದು ಕೇಳದೆ ಚೊಂಬು ಒಡ್ಡುತ್ತಿರಲಿಲ್ಲ.

ನನಗೆ ಅವನು ಸಿಕ್ಕಿದ್ದು ತೊಂಬತ್ತೊಂದರಲ್ಲಿ, ಬಾಣಾವರದಲ್ಲಿ. ನಾನು ಅಲ್ಲಿ ಹೈಸ್ಕೂಲು ಮೇಷ್ಟ್ರು. ನಮ್ಮ ಶಾಲೆಯ ಆಟದ ಬಯಲಿಗೂ ಪಕ್ಕದ ಗಂಗಯ್ಯ ಎಂಬವನ ರಾಗಿ ಹೊಲಕ್ಕೂ ತಕರಾರಿತ್ತು. ಅಳೆಯಲು ಬಂದ ಚನ್ನಪ್ಪನಿಗೆ ನಾನು ಹೋಟೆಲಿನಿಂದ ಕಾಫಿ ತರಿಸಿದೆ.

"ಮೇಷ್ಟ್ರೇ, ಇದನ್ನ ಯಾವ ಎಮ್ಮೆಗೆ ಕುಡಿಸಾಕೆ ತರ್ಸಿದ್ರಿ?" ಎಂದ.

ಅವನು ತನ್ನ ಒಲೆ ಹೂಡಿ, ತನ್ನ ಕಾಫಿಯಲ್ಲಿ ನನಗೊಂದು ಲೋಟ ಕೊಟ್ಟ. ಅದನ್ನು ಕಂಡ ಗಂಗಯ್ಯ ಬದುವಿನಿಂದ ಓಡಿ ಬಂದ.

"ಇಸ್ಕೂಲ್ ಮೇಷ್ಟ್ರು ಜೊತೇಲಿ ಕೂತ್ಕಂಡು ಕಾಫಿ ಕುಡೀತಾ ಅಳೀತೀಯೇನ್ಲಾ?"

"ಇದು ನನ್ ಕಾಫಿ ಕಣಯ್ಯ. ಕೂತ್ಕ, ನಿಂಗೂ ಕೊಡ್ತೀನಿ."

"ನಿನ್ ಕಾಫಿ ಯಾವನಿಗ್ ಬೇಕ್ಲಾ!" ಎಂದು ಗಂಗಯ್ಯ ಒಲೆಗೆ ಒದ್ದ. ಚೊಂಬು ಉರುಳಿತು. ಬಿಸಿ ಡಿಕಾಕ್ಷನ್ ಚನ್ನಪ್ಪನ ಪಾದದ ಮೇಲೆ ಬಿತ್ತು. ಅವನು ಕಾಲು ಒರೆಸಿಕೊಂಡು ಕಲ್ಲುಗಳನ್ನು ಮತ್ತೆ ಜೋಡಿಸಿದ.

"ಈಗ ಕೇಳ್ಕಂಡ್ರೂ ಇಲ್ಲ ನಿಂಗೆ. ಆಚೆ ನಿಂತ್ಕ, ಅಳೀಬೇಕು."

ಅಳೆದ. ಅಳೆದು ಮುಗಿದಾಗ ಆಟದ ಬಯಲಿನ ಒಂದು ಅಂಚು ಗಂಗಯ್ಯನ ಪಾಲಿಗೇ ಹೋಗಿತ್ತು. ಚನ್ನಪ್ಪನ ಕಾಫಿ ಕುಡಿದವನು ನಾನು, ನೆಲ ಹೋದದ್ದೂ ನಮ್ಮದೇ. ಆ ಸಿಟ್ಟಿಗೆ ನಾನು ಬಹಳ ದಿನ ಅವನ ಜೊತೆ ಮಾತು ಬಿಟ್ಟಿದ್ದೆ. ಆಮೇಲೆ ಒಂದು ದಿನ ಬಾಣಾವರ ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ಚಿಪ್ಪಿನ ಹೊಗೆ ಕಂಡು ನಾನೇ ಹೋಗಿ ಪಕ್ಕದಲ್ಲಿ ಕೂತೆ. ಸ್ಟೇಷನ್ ಮಾಸ್ತರು ಅವನನ್ನು ಬೈಯುತ್ತಿದ್ದರು, ಅವನು ಸ್ಟೇಷನ್ ಮಾಸ್ತರನ್ನು ಬೈಯುತ್ತಿದ್ದ. ನಮ್ಮ ಸ್ನೇಹ ಅಲ್ಲಿಂದ ಆಯಿತು.

ಇನ್ನು ಅರೇಹಳ್ಳಿಯ ವಿಷಯ. ಅವನ ಬದುಕಿನಲ್ಲಿ ಬರೆದಿಡಲೇಬೇಕಾದದ್ದು ಇದೊಂದೇ ಎಂದು ನನಗೆ ಅನ್ನಿಸುತ್ತದೆ.

ಅವನಿಗೆ ಒಬ್ಬಳೇ ಮಗಳು, ಹೇಮಾಶ್ರೀ. ಬೇಲೂರಿನ ಆಚೆ ಅರೇಹಳ್ಳಿ ಹತ್ತಿರ ಸಣ್ಣ ಕಾಫಿ ತೋಟವಿದ್ದ ಬೋರಯ್ಯನ ಮಗ ರಘುವಿಗೆ ಕೊಟ್ಟಿದ್ದರು. ಮದುವೆಯಾದ ವರ್ಷ ಗೌರಿ ಹಬ್ಬಕ್ಕೆ ಬಂದು ಹೋದಳು. ಆಮೇಲೆ ಅವರು ಕಳಿಸಲೇ ಇಲ್ಲ. ಚನ್ನಪ್ಪನ ಹೆಂಡತಿ ಕಾಂತಮ್ಮನಿಗೆ ಹಾಸನದಲ್ಲಿ ಗರ್ಭಕೋಶದ ಆಪರೇಷನ್ ಆದಾಗಲೂ ಕಳಿಸಲಿಲ್ಲ. ತೋಟದ ಕೆಲಸದ ಕಾಲ ಎಂದರು. ಬೇಲೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಅರೇಹಳ್ಳಿ ಕಡೆಯ ಹೆಂಗಸೊಬ್ಬಳು ಕಾಂತಮ್ಮನಿಗೆ, "ನಿಮ್ ಹುಡುಗೀಗೆ ಹೊಡೀತಾರೆ ಕಣವ್ವ, ನಾನ್ ಹೇಳ್ದೆ ಅಂತ ಹೇಳ್ಬ್ಯಾಡ" ಎಂದಳಂತೆ. ತೊಂಬತ್ತೊಂಬತ್ತರ ಸಂಕ್ರಾಂತಿ ಕಳೆದ ವಾರ ಚನ್ನಪ್ಪ ಮಗಳನ್ನು ಕರೆತರಲು ಹೊರಟ. ಜೊತೆಗೆ ಕಾಂತಮ್ಮನ ಅಣ್ಣ, ಹಾರನಹಳ್ಳಿಯ ಹುಚ್ಚಣ್ಣ. ಮೂರನೆಯವನು ನಾನು, ಮಾತು ದಾರಿ ತಪ್ಪಿದರೆ ತಡೆಯಲು.

ಹಳೇಬೀಡಿನಲ್ಲಿ ಬಸ್ಸು ಬದಲಿಸಬೇಕಾಯಿತು. ಬೇಲೂರಿನ ಬಸ್ಸಿಗೆ ಹೊತ್ತಿತ್ತು. ಚನ್ನಪ್ಪ ಹೋಟೆಲಿನ ಎದುರಿನ ಮರದ ಬುಡದಲ್ಲಿ ಚೀಲ ಬಿಚ್ಚಿದ. ಹೋಟೆಲಿನವನು ಸೌಟು ಹಿಡಿದೇ ಹೊರಗೆ ಬಂದ.

"ಯಜಮಾನ್ರೇ, ಹೋಟ್ಲು ಮುಂದೇನೇ ಒಲೆ ಹೂಡ್ತೀರಲ್ಲ, ನಾನೇನು ಇಲ್ಲಿ ದೇವಸ್ಥಾನ ಇಟ್ಕಂಡಿದೀನಾ?"

"ನಿಮ್ ಹೋಟ್ಲು ಕಾಫಿ ಕುಡುದ್ರೆ ಸೀದಾ ದೇವಸ್ಥಾನಕ್ಕೇ ಹೋಗ್ಬೇಕಾಗ್ತದೆ ಕಣಪ್ಪ, ಹರಕೆ ಕಟ್ಕಳಾಕೆ."

ಹುಚ್ಚಣ್ಣ ನಕ್ಕ. ಹೋಟೆಲಿನವನು ನಗಲಿಲ್ಲ, ಒಂದು ಚೊಂಬು ಪಾತ್ರೆ ತೊಳೆದ ನೀರು ತಂದು ಒಲೆಯ ಪಕ್ಕಕ್ಕೇ ಚೆಲ್ಲಿ ಹೋದ. ಅರೇಹಳ್ಳಿ ಬರುವವರೆಗೂ ಚನ್ನಪ್ಪ ಆ ಹೋಟೆಲಿನವನನ್ನು ಬೈಯುತ್ತಲೇ ಇದ್ದ. ಬೀಗರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದರಿಂದಲೇ ನನಗೆ ಅವನೆಷ್ಟು ಹೆದರಿದ್ದಾನೆ ಎಂದು ತಿಳಿಯಿತು.

ಬೋರಯ್ಯನ ಮನೆ ರಸ್ತೆಯಿಂದ ನಾಲ್ಕು ಮೆಟ್ಟಿಲು ಮೇಲೆ. ಮುಂದಿನ ಕಣದಲ್ಲಿ ಕಾಫಿ ಹಣ್ಣು ಹರವಿತ್ತು. ಬೋರಯ್ಯ ಜಗಲಿಯಿಂದ ಇಳಿದು ಬಂದ.

"ಬರ್ರಿ ಬೀಗ್ರೇ, ಬರ್ರಿ. ಕೈಕಾಲು ತೊಳ್ಕಳಿ. ಕಾಫಿ ಕುಡೀರಿ, ಆಮೇಕೆ ಮಾತು."

"ಮಗಳನ್ನ ಕರೀರಿ ಬೀಗ್ರೇ. ಆಮೇಲೆ ಕಾಫಿ."

"ಎಲ್ಲಿ ಓಡೋಯ್ತಾಳೆ ಅವಳು? ಒಳಗೆ ಕೆಲ್ಸ ಐತೆ. ನೀವು ಮೊದ್ಲು ಕಾಫಿ ಕುಡೀರಿ."

ಈ ಮಾತಿನ ಒಳಗಿದ್ದದ್ದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಮ್ಮ ಕಡೆ ಬೀಗರ ನಡುವೆ ಮನಸ್ತಾಪ ಬಂದರೆ, ಅದು ತೀರ್ಮಾನವಾಗುವವರೆಗೆ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಮುಟ್ಟಿದರೆ ದೂರು ಬಿಟ್ಟುಕೊಟ್ಟಂತೆ. ಕುಡಿದ ಮೇಲೆ "ನಿಮ್ಮ ಮನೆಯಲ್ಲಿ ನನ್ನ ಮಗಳಿಗೆ ಹೀಗಾಯಿತು" ಎನ್ನಲು ಬಾಯಿ ಇರುವುದಿಲ್ಲ. ಅದಕ್ಕೇ ನಾವು ಕೂರುವ ಮೊದಲೇ ಬೋರಯ್ಯನ ಹೆಂಡತಿ ಮುದ್ದಮ್ಮ ತಟ್ಟೆ ಹಿಡಿದು ಬಂದದ್ದು.

"ನಮ್ ತೋಟದ್ದೇ ಕಾಫಿ. ಹಣ್ಣು ಆರ್ಸಿ ಮಾಡಿದ್ದು. ಅರಸೀಕೆರೇಲಿ ಇಂಥದ್ದು ಎಲ್ ಸಿಕ್ತದೆ ನಿಮ್ಗೆ?" ಎಂದಳು.

ಹೊಗೆಯಾಡುತ್ತಿದ್ದ ಆ ಲೋಟಗಳಿಂದ ಬಂದ ಪರಿಮಳ ನಿಜವಾಗಿಯೂ ಚೆನ್ನಾಗಿತ್ತು. ಚನ್ನಪ್ಪ ಬಗ್ಗಿ ಮೂಸಿದ.

"ಒಳ್ಳೆ ಕಾಫಿ ಕಣಮ್ಮ. ಸುಳ್ಳು ಹೇಳಲ್ಲ. ಒಳಗಿಡಿ."

ಅಷ್ಟು ಹೇಳಿ ಮೆಟ್ಟಿಲಿಳಿದು ರಸ್ತೆಗೆ ಹೋದ. ಮನೆಯ ಬಾಗಿಲು ನೇರವಾಗಿ ಕಾಣುವ ಕಡೆ ಮೋರಿ ಕಟ್ಟೆಯ ಪಕ್ಕದಲ್ಲಿ ಮೂರು ಕಲ್ಲು ಇಟ್ಟ. ಬಾಗಿಲಿನಿಂದ ಕಣ್ಣು ತೆಗೆಯಲು ಮನಸ್ಸಿಲ್ಲದೆ, ಹಾಲು ತರಲು ಹುಚ್ಚಣ್ಣನನ್ನು ಕಳಿಸಿದ.

ರಘು ಹಿಂದೆಯೇ ಬಂದ. ಒಳ್ಳೆ ಬಟ್ಟೆ ತೊಟ್ಟ, ಎತ್ತರದ ಹುಡುಗ.

"ಏನ್ ಮಾವ ಇದು, ಊರ ಮುಂದೆ ಮರ್ಯಾದೆ ತೆಗೀತಾ ಇದೀರಾ? ಜನ ನೋಡ್ತಾವ್ರೆ."

"ನೋಡ್ಲಿ ಅಂತ್ಲೇ ಕಣಪ್ಪ ರಸ್ತೇಲಿ ಕೂತಿರೋದು. ಹೇಮನ್ನ ಕರಿ."

"ಅವಳು ಬರಲ್ಲ."

"ಅವಳು ಬರಲ್ವೋ, ನೀನು ಬಿಡಲ್ವೋ?"

ರಘು ತಿರುಗಿ ಮೆಟ್ಟಿಲ ಮೇಲೆ ಹೋಗಿ ನಿಂತ. ಅಷ್ಟರಲ್ಲಿ ಕೆಲಸ ಬಿಟ್ಟು ಬಂದ ಆಳುಗಳು, ಅಕ್ಕಪಕ್ಕದವರು ಸೇರಿಕೊಂಡರು. ನಮ್ಮ ಕಡೆ ನೋಡಿದ ಒಂದು ಮುಖದಲ್ಲೂ ಸ್ನೇಹವಿರಲಿಲ್ಲ.

"ಕಾಫಿ ಬೆಳೆಯೋ ಊರ್ಗೆ ಕಾಫಿ ಹೊತ್ಕಂಡ್ ಬಂದವ್ರೆ, ನೋಡ್ರಲಾ ಬಯಲುಸೀಮೆಯೋರ್ನ."

"ಸೌದೇನೂ ತಂದವ್ರಲ್ಲೋ! ಇಲ್ಲಿ ಕಡ್ಡಿಗೂ ಬರ ಅನ್ಕಂಡವ್ರೇನೋ."

"ಚಿಪ್ಪು ಕಣ್ಲಾ ಅದು. ಕಾಯಿ ತಿಂದು ಚಿಪ್ಪು ಹಿಡ್ಕಂಡ್ ಬಂದವ್ರೆ ಬೀಗರ ಮನೆಗೆ."

ಚನ್ನಪ್ಪ ಬೇರೆ ದಿನವಾಗಿದ್ದರೆ ಒಬ್ಬೊಬ್ಬರಿಗೂ ಉತ್ತರ ಕೊಡುತ್ತಿದ್ದ. ಅವತ್ತು ತಲೆ ಎತ್ತಲಿಲ್ಲ. ಹುಚ್ಚಣ್ಣ ತಂದ ಹಾಲು ಕಾಸಿ, ಬೆರೆಸಿ, ನಮ್ಮಿಬ್ಬರಿಗೂ ಕೊಟ್ಟು, ತಾನೂ ಒಂದು ಗುಟುಕು ಕುಡಿದ. ಬೋರಯ್ಯ ಆ ಗುಟುಕಿಗೇ ಕಾದಿದ್ದವನಂತೆ ಮೆಟ್ಟಿಲ ಮೇಲಿಂದ ಕೇಳಿದ:

"ಹಾಲು ಯಾರ್ ಮನೇದು ಬೀಗ್ರೇ?"

"ಕೆಳಗಿನ ಮನೇದು," ಎಂದ ಹುಚ್ಚಣ್ಣ. "ಯಾರೋ ಗುರುಸಿದ್ದಮ್ಮ ಅಂತೆ."

ಬೋರಯ್ಯ ಜನರ ಕಡೆ ತಿರುಗಿದ. "ಕೇಳುದ್ರೇನ್ರಪ್ಪ? ಗುರುಸಿದ್ದಮ್ಮನ ಹಟ್ಟೀಲಿರೋ ಹಸು ಯಾರ್ದು, ಹೇಳ್ರಿ ಇವ್ರಿಗೆ."

"ನಿಮ್ದೇ ಅಲ್ವ್ರಾ" ಎಂದು ಒಬ್ಬ ನಕ್ಕ. ಆಮೇಲೆ ಎಲ್ಲರೂ ನಕ್ಕರು.

ಅದು ಬೋರಯ್ಯ ಅರೆಪಾಲಿಗೆ ಬಿಟ್ಟ ಹಸು. ಸಾಕಲು ಕೈ ಸಾಲದವರು ಹಸುವನ್ನು ಬೇರೆಯವರ ಕೊಟ್ಟಿಗೆಯಲ್ಲಿ ಬಿಡುತ್ತಾರೆ. ಸಾಕಿದವರಿಗೆ ಅರ್ಧ ಹಾಲು, ಒಡೆಯರಿಗೆ ಅರ್ಧ. ಹುಚ್ಚಣ್ಣ ಹಾಲಿದೆಯೇ ಎಂದು ಕೇಳಿದ್ದ, ಹಸು ಯಾರದು ಎಂದು ಕೇಳಿರಲಿಲ್ಲ. ಅವನ ಮುಖ ಬಾಡಿಹೋಯಿತು. ಆದರೂ ಗಂಟಲೆತ್ತರಿಸಿದ.

"ಅವಳ ಪಾಲಿನ ಹಾಲು ಕಣ್ರೀ ನಂಗೆ ಕೊಟ್ಟಿದ್ದು!"

"ಕರೆಯೋವಾಗ ಹಸ ಹೇಳ್ತದೇನ್ರೀ, ಇದು ಗುರುಸಿದ್ದಮ್ಮಂದು, ಇದು ಬೋರಯ್ಯಂದು ಅಂತ?"

"ಸರ್ವೆಯರು ಇಲ್ಲೇ ಅವ್ರಲ್ಲ, ಅಳೆದು ಹಾಲ್ಗೊಂದು ಕಲ್ಲು ನೆಡ್ಲಿ ಬಿಡ್ರಲಾ!"

ಗುಂಪಿನಲ್ಲಿದ್ದ ಒಬ್ಬ ಮುದುಕ ಕೋಲೂರಿ ಮುಂದೆ ಬಂದ. ಅಲ್ಲಿ ಅವನ ಮಾತಿಗೆ ತೂಕವಿತ್ತು ಎಂದು ಕಾಣುತ್ತದೆ, ಎಲ್ಲರೂ ಸುಮ್ಮನಾದರು. "ಆಯ್ತಲ್ಲಪ್ಪ," ಎಂದ. "ಬೀಗರ ಹಾಲು ಕುಡುದ್ರಿ. ಬೇಕಂತ ಕುಡುದ್ರೋ, ಬೇಡ ಅಂತ ಕುಡುದ್ರೋ, ಹೊಟ್ಟೆಗೆ ಹೋಯ್ತು. ಮನಸ್ತಾಪ ಮುಗೀತು. ಹುಡುಗೀನ ಯುಗಾದಿಗೆ ಕಳಿಸ್ತಾರೆ. ಈಗ ಬಸ್ ಹಿಡೀರಿ."

ಹುಚ್ಚಣ್ಣ ನನ್ನ ಕಡೆ ನೋಡಿದ. ನಾನು ಚನ್ನಪ್ಪನ ಕಡೆ ನೋಡಿದೆ. ಇದೆಲ್ಲ ಮೂಢತನ, ಹಾಲಿಗೂ ನ್ಯಾಯಕ್ಕೂ ಏನು ಸಂಬಂಧ ಎಂದು ನಾನಾಗಿದ್ದರೆ ಹೇಳುತ್ತಿದ್ದೆ. ಅವನು ಹಾಗೆ ಹೇಳುವಂತಿರಲಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಅದೇ ಕಟ್ಟಳೆಯ ಮೇಲೆ ನಿಂತು ಊರೂರಿನವರನ್ನು ಎದುರು ಹಾಕಿಕೊಂಡವನು. ಈಗ ಅದೇ ಅವನ ಕತ್ತಿಗೆ ಬಂದಿತ್ತು. ಮೇಲೆ ಬಾಗಿಲ ಸಂದಿಯಲ್ಲಿ ಹಸಿರು ಸೀರೆಯ ಅಂಚೊಂದು ಕಂಡು ಮರೆಯಾಯಿತು.

ಚನ್ನಪ್ಪ ಎದ್ದ. ಕೈಯಲ್ಲಿದ್ದ ಲೋಟವನ್ನು ಮೋರಿಗೆ ಸುರಿದ. ಚೊಂಬಿನಲ್ಲಿ ಉಳಿದದ್ದನ್ನೂ ಸುರಿದ.

"ಒಪ್ಪಿದೆ. ನಿಮ್ ಹಾಲು ಕುಡ್ದೆ. ನಂದೇನೂ ದೂರಿಲ್ಲ ಬೀಗ್ರೇ. ನನ್ ಮನಸ್ತಾಪ ಮುಗೀತು."

ಬೋರಯ್ಯ ಗೆದ್ದವನ ಹಾಗೆ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ನಂದು ಮುಗೀತು," ಎಂದ ಚನ್ನಪ್ಪ ಮತ್ತೆ. "ನನ್ ಮಗಳ್ದು ಮುಗ್ದಿಲ್ಲ. ಕುಡ್ದಿದ್ದು ನಾನು, ಅವಳಲ್ಲ. ಅವಳ ದೂರು ಅವಳು ಹೇಳ್ಲಿ."

"ಅವಳು ದಿನಾ ಈ ಮನೇಲೇ ಕುಡಿಯಾದು!" ಎಂದು ಮುದ್ದಮ್ಮ ಕೂಗಿದಳು.

"ಸೊಸೆ ಕುಡಿಯೋದು ಹೊಟ್ಟೆಪಾಡಿಗೆ ಕಣಮ್ಮ. ನಾನು ಕೇಳ್ತಿರೋದು ಬೇರೆ. ನಿಮ್ದೊಂದು ಲೋಟ ಜಗಲಿ ಮ್ಯಾಲಿಡಿ. ನಂದೊಂದು ಇಲ್ಲಿರ್ಲಿ. ಅವಳು ಬಂದು ಯಾವ್ದು ಬೇಕೋ ಅದನ್ನ ಕುಡೀಲಿ. ನಿಮ್ದು ಕುಡುದ್ರೆ ನಾನು ಯುಗಾದೀಗೂ ಬರಲ್ಲ, ದೀಪಾವಳೀಗೂ ಬರಲ್ಲ."

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರು ಬೋರಯ್ಯನ ಕಡೆಯವರೇ. ಆದರೆ ಈ ಮಾತು ಅವರಿಗೆ ಹಿಡಿಸಿತು. ಮುದುಕ ಕೋಲು ಕುಟ್ಟಿ, "ಅದೂ ಸರಿಯೇ. ಕರೀರಿ ಹುಡುಗೀನ" ಎಂದ. ಬೋರಯ್ಯ ಬೇಡ ಎನ್ನುವಂತಿರಲಿಲ್ಲ. ಹಾಗಂದರೆ ಸೊಸೆಯ ಮೇಲೆ ನಂಬಿಕೆ ಇಲ್ಲವೆಂದು ಊರಿನ ಎದುರು ಒಪ್ಪಿಕೊಂಡಂತೆ.

ಅವತ್ತು ನನಗೆ ಚನ್ನಪ್ಪನ ಮೇಲೂ ಸಿಟ್ಟು ಬಂತು. ಇಪ್ಪತ್ತೊಂದು ವರ್ಷದ ಹುಡುಗಿಯನ್ನು ಎರಡು ಹೊಲದ ನಡುವಿನ ಕಲ್ಲಿನಂತೆ ನಿಲ್ಲಿಸುತ್ತಿದ್ದಾನೆ ಎನ್ನಿಸಿತು. ಅವಳು ಹೆದರಿ ಜಗಲಿಯ ಲೋಟ ಎತ್ತಿದರೆ ಏನು ಮಾಡುತ್ತೀಯ ಎಂದು ಮೆಲ್ಲಗೆ ಕೇಳಿದೆ. "ಸುಮ್ನಿರ್ರಿ ಮೇಷ್ಟ್ರೇ, ನೀರು ಕುದೀಲಿ" ಎಂದ. ಆರುತ್ತಿದ್ದ ಒಲೆಗೆ ಇನ್ನೊಂದು ಚಿಪ್ಪು ಒಡ್ಡಿದ.

ಮೇಲೆ ಮುದ್ದಮ್ಮ ಹಾಲು ಸಕ್ಕರೆ ಬೆರೆಸಿದ, ನೊರೆ ನಿಂತ ಕಾಫಿಯನ್ನು ಜಗಲಿಯ ತುದಿಗೆ ತಂದಿಟ್ಟಳು. ಕೆಳಗೆ ನಮ್ಮಲ್ಲಿ ಹಾಲಿರಲಿಲ್ಲ. ಆ ಊರಿನ ಯಾವ ಮನೆಯಿಂದ ತಂದರೂ ಅದು ಯಾರ ಹಸುವಾಗಿರುತ್ತದೋ ಎಂಬ ಹೆದರಿಕೆ. ಚನ್ನಪ್ಪ ಚೊಂಬು ತೊಳೆದು ಬರೀ ನೀರಿಟ್ಟ. ಕುದಿ ಬಂತು. ಇಳಿಸಿದ. ಅಡಗಲೆಂದು ಕಾದ. ಪುಡಿ ಹಾಕಿ ತಟ್ಟೆ ಮುಚ್ಚಿದ.

"ಬೇಗ ಮಾಡ್ರಿ, ನಮ್ಗೂ ಕೆಲ್ಸ ಐತೆ" ಎಂದು ಯಾರೋ ಅಂದರು. ಯಾರೋ ಶಿಳ್ಳೆ ಹಾಕಿದರು. ಹುಚ್ಚಣ್ಣನಿಗೂ ತಡೆಯಲಾಗದೆ, "ಸುರಿ ಭಾವ ಅತ್ಲಾಗೆ, ಚರಟ ಇದ್ರೆ ಇರ್ಲಿ" ಎಂದ. ಚನ್ನಪ್ಪ ತಟ್ಟೆ ಸರಿಸಿ, ತಣ್ಣೀರು ಚಿಮುಕಿಸಿ, ಚರಟ ಇಳಿಯುವುದನ್ನೇ ನೋಡುತ್ತ ಕೂತ. ಆಮೇಲೆ ಬಟ್ಟೆ ಕಟ್ಟಿ ಸೋಸಿದ. ಕೊನೆಯ ಹನಿ ತಾನಾಗಿ ಬೀಳುವವರೆಗೆ ಬಟ್ಟೆ ಮುಟ್ಟಲಿಲ್ಲ. ಒಂದು ಚೂರು ಬೆಲ್ಲ ಹಾಕಿ ಕಲಕಿ, ಲೋಟವನ್ನು ಮೋರಿ ಕಟ್ಟೆಯ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತ.

ಹೇಮಾಶ್ರೀ ಬಾಗಿಲಿಗೆ ಬಂದಳು. ಸೆರಗನ್ನು ತಲೆಯ ಮೇಲಿಂದ ಎಳೆದು ಕೆನ್ನೆಯವರೆಗೆ ಹಿಡಿದುಕೊಂಡಿದ್ದಳು. ನಾನು ಮದುವೆಯಲ್ಲಿ ನೋಡಿದ್ದ ಹುಡುಗಿ ಹೀಗಿರಲಿಲ್ಲ, ಅರ್ಧವಾಗಿದ್ದಳು.

"ಜಗಲೀಲೈತೆ ನೋಡು ಕಾಫಿ. ತಗ," ಎಂದಳು ಮುದ್ದಮ್ಮ. ಹೇಮಾ ಕೇಳಿಸದವಳ ಹಾಗೆ ನಿಂತಿದ್ದಳು. ಮುದ್ದಮ್ಮ ದನಿ ಏರಿಸಿದಳು. "ಏಯ್! ಆ ರೋಡಿನ ಲೋಟ ಮುಟ್ಟುದ್ರೆ ಈ ಹೊಸ್ಲು ಮತ್ತೆ ತುಳೀಬ್ಯಾಡ, ತಿಳೀತಾ?"

ಹೇಮಾ ಹೊಸ್ತಿಲನ್ನು ನೋಡಿದಳು. ಆಮೇಲೆ ಅದನ್ನು ದಾಟಿ, ಜಗಲಿಯ ಲೋಟದ ಪಕ್ಕದಲ್ಲೇ ಹಾದು, ಮೆಟ್ಟಿಲ ಮೇಲೆ ನಿಂತಿದ್ದ ರಘುವಿನ ಎದುರು ನಿಂತಳು. ಅವನು ದಾರಿ ಬಿಡಲಿಲ್ಲ. ಮುದುಕ, "ಬಿಡಪ್ಪ, ಮಾತು ಮಾತೇ" ಎಂದ. ಆಗಲೂ ಬಿಡಲಿಲ್ಲ. ಹೇಮಾ ಮೆಟ್ಟಿಲು ಬಿಟ್ಟು ಕಣದಲ್ಲಿ ಹರವಿದ್ದ ಕಾಫಿ ಹಣ್ಣನ್ನೇ ತುಳಿದುಕೊಂಡು ಪಕ್ಕದ ಬರೆಯ ಇಳಿಜಾರಿನಿಂದ ರಸ್ತೆಗೆ ಇಳಿದಳು. ಕಣ ತುಳಿದದ್ದಕ್ಕೆ ಬೋರಯ್ಯ ಬೈದ ಬೈಗುಳ ನಾನು ಇಲ್ಲಿ ಬರೆಯುವುದಿಲ್ಲ.

ಅವಳು ಲೋಟ ಎತ್ತಿ ಒಂದು ಗುಟುಕು ಕುಡಿದಳು.

"ಹಾಲಿಲ್ವಾ?"

"ಇಲ್ಲ ಕಣವ್ವ."

ನಿಂತಲ್ಲೇ ಪೂರ್ತಿ ಕುಡಿದಳು. ಬಿಸಿಗೆ ಕಣ್ಣಲ್ಲಿ ನೀರು ಬಂತೋ ಅಥವಾ ಬೇರೆಯದಕ್ಕೋ, ಒರೆಸಿಕೊಳ್ಳಲಿಲ್ಲ. ಚನ್ನಪ್ಪ ಮಗಳ ಕೈಯಿಂದ ಲೋಟ ತೆಗೆದುಕೊಂಡು ತೊಳೆಯದೆಯೇ ಚೀಲಕ್ಕೆ ಹಾಕಿದ. ನಾವು ನಾಲ್ವರೂ ಬಸ್ಸು ನಿಲ್ಲುವ ಕಡೆಗೆ ನಡೆದೆವು. ಹಿಂದಿನಿಂದ ರಘು ಕೂಗುತ್ತಿದ್ದ, "ಬಟ್ಟೆಬರೆ ಬೇಡ್ವೇನೇ? ಬಿಕ್ಷೆ ಎತ್ತಾಕ್ ಹೊಂಟ್ಯಾ?" ಒಂದು ಮಣ್ಣಿನ ಹೆಂಟೆ ಹುಚ್ಚಣ್ಣನ ಬೆನ್ನಿಗೆ ಬಿತ್ತು. ಎಸೆದವರು ಯಾರೋ ಗೊತ್ತಿಲ್ಲ. ಅವನು ತಿರುಗಿ ನೋಡಲಿಲ್ಲ.

ಮುಂದೆ ನಡೆದದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಮದುವೆ ಮುರಿಯಿತು, ವರ್ಷಗಟ್ಟಲೆ ಕೋರ್ಟಿಗೆ ಅಲೆದದ್ದಾಯಿತು. ಹೇಮಾ ಹೊಲಿಗೆ ಕಲಿತಳು. ಈಗ ಅರಸೀಕೆರೆಯಲ್ಲಿ ಅವಳದೇ ಅಂಗಡಿ ಇದೆ. ಅಪ್ಪ ಮಗಳು ಪ್ರೀತಿಯಿಂದ ಬಾಳಿದರು ಎಂದು ಬರೆದರೆ ಸುಳ್ಳಾಗುತ್ತದೆ. ದಿನಾ ಜಗಳ. ಊರ ಮುಂದೆ ಎರಡು ಲೋಟ ಇಟ್ಟು ನನ್ನನ್ನು ನಿಲ್ಲಿಸಿದೆಯಲ್ಲ ಎಂದು ಅವಳು ಎಷ್ಟೋ ಸಲ ಅವನ ಮುಖಕ್ಕೆ ಹೇಳಿದ್ದನ್ನು ಕೇಳಿದ್ದೇನೆ. ಅವನು ಬೈಯುತ್ತಿದ್ದ, ಅವಳು ತಿರುಗಿ ಬೈಯುತ್ತಿದ್ದಳು. ಈ ವರ್ಷ, ಎರಡು ಸಾವಿರದ ಎಂಟರಲ್ಲಿ, ಅವನ ಕಿಡ್ನಿ ಕೈಕೊಟ್ಟಿತು. ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದವನಿಗೆ ನಾನು ಎದುರಿನ ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಕಾಫಿ ಒಯ್ದರೆ, "ಕಾಯಿಲೆ ಸಾಲ್ದು ಅಂತ ಇದನ್ನ ಬೇರೆ ತಂದ್ರಾ ಮೇಷ್ಟ್ರೇ?" ಎಂದು ಮುಖ ತಿರುಗಿಸಿದ. ಅದು ಅವನು ನನ್ನ ಜೊತೆ ಆಡಿದ ಕೊನೆಯ ಮಾತು. ಇದಕ್ಕಿಂತ ಮೆತ್ತಗಿನ ಮಾತನ್ನು ಅವನಿಂದ ನಾನು ನಿರೀಕ್ಷಿಸಿರಲಿಲ್ಲ. ಆದರೂ ಅದು ನೋಯುತ್ತಲೇ ಇದೆ.

ಆದರೆ ಅವತ್ತಿನ ಬಸ್ಸಿನೊಳಗೆ ನಡೆದದ್ದನ್ನು ಹೇಳದೆ ನಿಲ್ಲಿಸಲಾರೆ. ಅದನ್ನು ಕಂಡವರು ನಾವಷ್ಟೇ.

ಅರೇಹಳ್ಳಿಯಿಂದ ಬೇಲೂರಿಗೆ ಹೊರಟ ಬಸ್ಸು ಅರ್ಧ ಖಾಲಿ ಇತ್ತು. ಹೇಮಾ ಕಿಟಕಿಯ ಪಕ್ಕ ಕೂತಳು, ಚನ್ನಪ್ಪ ಅವಳ ಪಕ್ಕದಲ್ಲಿ. ನಾನೂ ಹುಚ್ಚಣ್ಣನೂ ಹಿಂದಿನ ಸೀಟಿನಲ್ಲಿ. ಬಸ್ಸು ಹೊರಟ ಮೇಲೆ ಚನ್ನಪ್ಪ ಅವಳನ್ನು ಏನೋ ಕೇಳಿದ. ಅವಳು ಕಿಟಕಿಯ ಆಚೆ ನೋಡುತ್ತಲೇ ಇದ್ದಳು. ಇನ್ನೊಮ್ಮೆ ಕೇಳಿದ. ಉತ್ತರವಿಲ್ಲ. ಅವನಿಗೆ ಸಿಟ್ಟು ಬಂತು.

"ಏನೇ, ಅಪ್ಪನ ಜೊತೇಲೂ ಮಾತಾಡಲ್ವಾ ಈಗ? ಅಷ್ಟ್ ದೊಡ್ಡೋಳಾದ್ಯಾ?"

ತೋಳು ಹಿಡಿದು ಅಲುಗಿಸಿದ. ಅವಳು ತಿರುಗಿದಳು.

"ಏನಪ್ಪ? ಏನಂದೆ?" ಎಂದಳು. ಆಮೇಲೆ ಸೆರಗು ಸರಿಸದೆಯೇ, "ಈ ಕಡೆ ಬಂದು ಕೂತ್ಕ. ಆ ಕಿವಿ ಕೇಳಲ್ಲ" ಎಂದಳು.

ಚನ್ನಪ್ಪ ಅಲುಗಾಡಲಿಲ್ಲ. ಅವಳೇ ಎದ್ದು, ಅವನನ್ನು ಕಿಟಕಿಯ ಪಕ್ಕಕ್ಕೆ ತಳ್ಳಿ, ತಾನು ಈಚೆ ಕೂತಳು.

"ಯಾವಾಗ್ಲಿಂದ?"

"ದೀಪಾವಳಿಯಿಂದ."

"ಯಾರು?"

ಅವಳು ಸೆರಗನ್ನು ಕೆನ್ನೆಗೆ ಇನ್ನಷ್ಟು ಎಳೆದುಕೊಂಡಳು. ಹೆಸರು ಹೇಳಬೇಕಾಗಿರಲಿಲ್ಲ. ಚನ್ನಪ್ಪ ಎದ್ದು ನಿಂತು ಮೇಲಿನ ಸರಳು ಹಿಡಿದ. "ಹೋಲ್ಡಾನ್! ನಿಲ್ಸಯ್ಯ ಬಸ್ಸು!" ಎಂದು ಕೂಗಿದ. ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಂತಿತು. ಚನ್ನಪ್ಪನ ಮುಖ ನೋಡಿ ನನಗೆ ಭಯವಾಯಿತು. ಅವನು ವಾಪಸು ಹೋದರೆ ಅವನು ಇಲ್ಲವೇ ರಘು, ಇಬ್ಬರಲ್ಲಿ ಒಬ್ಬ ಸಾಯುತ್ತಾನೆ ಎಂದು ನನಗೆ ಅನುಮಾನವೇ ಇರಲಿಲ್ಲ. ಹುಚ್ಚಣ್ಣ, "ಭಾವ, ಬ್ಯಾಡ" ಎಂದು ಭುಜ ಹಿಡಿದ. ಚನ್ನಪ್ಪ ಕೊಡವಿ ಬಿಟ್ಟ.

"ನೀನು ಹೋಗು ಮನೆಗೆ. ನಾನು ನಾಳೆ ಬತ್ತೀನಿ" ಎಂದ ಮಗಳಿಗೆ.

ಹೇಮಾ ದಾರಿ ಬಿಡಲಿಲ್ಲ. ಮೊಣಕಾಲು ಎದುರಿನ ಸೀಟಿಗೆ ಒತ್ತಿ, ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದಳು.

"ನೀನು ಇಳುದ್ರೆ ನಾನೂ ಇಳೀಬೇಕಾಗ್ತದೆ ಅಪ್ಪ. ನಿನ್ ಹಿಂದೆ ನಾನೂ ಅಲ್ಲಿಗೇ ಬರ್ಬೇಕು. ನಂಗೆ ಮನೆಗೆ ಹೋಗ್ಬೇಕು."

"ಏನ್ರೀ, ಇಳೀತೀರೋ ಇಲ್ವೋ?" ಎಂದ ಕಂಡಕ್ಟರ್.

ಚನ್ನಪ್ಪ ಹಿಂದಿನ ಗಾಜಿನಿಂದ ಕಾಣುತ್ತಿದ್ದ ರಸ್ತೆಯನ್ನು ನೋಡುತ್ತಿದ್ದ. ಜಗಳದಿಂದ ಅವನು ಹಿಂದೆ ಸರಿದದ್ದನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ಇಲ್ಲ ಕಣಪ್ಪ. ಹೊರಡು" ಎಂದು ಹೇಳಿ ಕೂತ.

ಬೇಲೂರು ಬರುವವರೆಗೆ ಹೇಮಾ ಅವನ ಅಂಗಿ ಬಿಡಲಿಲ್ಲ.